ಹಿತ್ತಿಲ ಕೋಳಿಗೂಡು ಮತ್ತು ಊರಿನ ಕಾಯಿದೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ನಾಲ್ಕು ಮಾತು ಆಡಲು ಕರೆದಿದ್ದೀರಿ. ಸಹಕಾರ ಅಂದ ಕೂಡಲೇ ಗದಗದ ಹತ್ತಿರದ ಕಣಗಿನಹಾಳ, 1905, ಸಿದ್ದನಗೌಡ ಪಾಟೀಲರು ಅಂತ ಶುರು ಮಾಡೋದು ವಾಡಿಕೆ. ಆ ಹಿರಿಯರಿಗೆ ಕೈಮುಗಿದು ನಾನು ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಾರ್ಯದರ್ಶಿಯವರು ನನಗೆ ಕೊಟ್ಟ ವಿಷಯ, "ಹಿತ್ತಿಲಲ್ಲಿ ಕೋಳಿ ಸಾಕೋಕೆ ಲೈಸೆನ್ಸ್ ಬೇಕಾ, ಬೇಡವಾ?" ಎಂಬುದು. ಪಶುಸಂಗೋಪನೆ ಇಲಾಖೆಯಲ್ಲಿ ಕೋಳಿಗೆ ಸೂಜಿ ಹಾಕುತ್ತಾ ಕಾಲ ಕಳೆದವನು ನಾನು. ವಕೀಲನಲ್ಲ. ಆದರೆ ಈ ಪ್ರಶ್ನೆಯನ್ನು ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಯಶವಂತಪುರದ ಸಂತೆಯಲ್ಲಿ ಕೇಳಿ ಕೇಳಿ, ಉತ್ತರ ಹುಡುಕಿ ಇಟ್ಟುಕೊಂಡಿದ್ದೇನೆ.

ಬೆಳ್ಳಿಹಬ್ಬದ ವೇದಿಕೆಯಲ್ಲಿ ಕೋಳಿ ಮಾತೇ ಅಂತ ಯಾರಾದರೂ ನಗಬಹುದು. ನಗಲಿ. ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನ ತಾಯಂದಿರು ಸಂಘದ ಷೇರು ಹಣ ಕಟ್ಟಿದ್ದು ಮೊಟ್ಟೆ ಮಾರಿದ ದುಡ್ಡಿನಲ್ಲಿ ಅನ್ನೋದು ಅವರಿಗೇ ಗೊತ್ತು. ಹಾಲಿನ ದುಡ್ಡು ಗಂಡಸರ ಕೈಗೆ ಹೋಗುತ್ತದೆ, ರಾಗಿ ದುಡ್ಡು ಸಾಲಕ್ಕೆ ಹೋಗುತ್ತದೆ, ಮೊಟ್ಟೆ ದುಡ್ಡು ಮಾತ್ರ ಹೆಂಗಸರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಹತ್ತು ಗಿರಿರಾಜ ಹ್ಯಾಟೆ ಇದ್ದರೆ, ಒಂದಕ್ಕೆ ವರ್ಷಕ್ಕೆ ಸುಮಾರು 130 ಮೊಟ್ಟೆ ಅಂತ ಹಿಡಿದರೂ 1300 ಮೊಟ್ಟೆ ಆಯಿತು. ಮಕ್ಕಳ ಪುಸ್ತಕ, ಬಸ್ಸಿನ ಪಾಸು, ಔಷಧಿ ಎಲ್ಲ ಅದರಲ್ಲೇ ನಡೆಯುತ್ತದೆ. ಈಗ ಪಕ್ಕದಲ್ಲಿ ಲೇಔಟ್ ಬಂದಿದೆ, ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿಂದ ದೂರು ಹೋಗುತ್ತದೆ, ಇಲ್ಲಿಗೆ ನೋಟೀಸು ಬರುತ್ತದೆ. ನೋಟೀಸು ಕಂಡ ಕೂಡಲೇ ಹೆದರಿ ಇದ್ದಬದ್ದ ಕೋಳಿ ಎಲ್ಲ ಅರ್ಧ ಬೆಲೆಗೆ ಮಾರಿದವರು ಇದ್ದಾರೆ. ನೋಟೀಸನ್ನು ಹರಿದು ಬಿಸಾಡಿ ಜಗಳಕ್ಕೆ ನಿಂತವರೂ ಇದ್ದಾರೆ. ಎರಡೂ ದಾರಿ ತಪ್ಪೇ. ಕಾಯಿದೆ ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಮಾರುವುದೂ ಬೇಡ, ಜಗಳವೂ ಬೇಡ.

ಮೊದಲು ನಾವು ಯಾರ ಹದ್ದಿನಲ್ಲಿದ್ದೇವೆ?

ನಮ್ಮ ಕಡೆಯ ದೊಡ್ಡ ಗೊಂದಲವೇ ಇದು. ಕೋಳಿಗೂಡು ಇದ್ದಲ್ಲೇ ಇದೆ, ಹದ್ದು ಮಾತ್ರ ಬದಲಾಗುತ್ತಾ ಬಂತು. ಈ ಸಂಘ ಹುಟ್ಟಿದ ಕಾಲಕ್ಕೆ ಸುತ್ತಲಿನ ಹಳ್ಳಿಗಳು ಪಂಚಾಯ್ತಿಯಲ್ಲಿದ್ದವು, ಯಲಹಂಕ ಮತ್ತು ಬ್ಯಾಟರಾಯನಪುರದಲ್ಲಿ ನಗರಸಭೆ ಇತ್ತು. 2007ರ ಜನವರಿಯಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 1976ರ ಪೌರ ನಿಗಮಗಳ ಕಾಯಿದೆ ನಮ್ಮ ಹಿತ್ತಿಲಿಗೆ ಬಂದು ಕೂತಿತು. 2020ರಲ್ಲಿ ಬಿಬಿಎಂಪಿಗೆ ಅಂತಲೇ ಬೇರೆ ಕಾಯಿದೆ ಆಯಿತು. ಅದೂ ಹೋಗಿ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಬಂತು. ಅದರ ಪ್ರಕಾರ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳಾದವು, ಯಲಹಂಕದ ಕಡೆಗೆ ಬೆಂಗಳೂರು ಉತ್ತರ ನಗರ ಪಾಲಿಕೆ ಆಯಿತು.

ಹೀಗಾಗಿ ನಮ್ಮ ಸಂಘದ ಸದಸ್ಯರಲ್ಲೇ ಎರಡು ಥರದವರು ಇದ್ದೀರಿ. ಮನೆ ಪಾಲಿಕೆ ಒಳಗೆ, ಹೊಲ ಪಂಚಾಯ್ತಿಯಲ್ಲಿ ಇರುವವರೂ ಇದ್ದೀರಿ. ಆದ್ದರಿಂದ ಯಾರಾದರೂ "ಪರ್ಮಿಶನ್ ಇದೆಯೇನ್ರೀ?" ಅಂತ ಕೇಳಿದರೆ ಮೊದಲು ನೋಡಬೇಕಾದ್ದು ಕೋಳಿಯನ್ನಲ್ಲ, ಮನೆ ಕಾಗದವನ್ನು. ಪಹಣಿ ಇರುವ ಜಮೀನೋ, ಗ್ರಾಮಠಾಣಾ ಮನೆಯೋ, ಪಂಚಾಯ್ತಿಯ ಇ-ಸ್ವತ್ತು ನಮೂನೆ ಇರುವ ಸೈಟೋ, ಪಾಲಿಕೆ ಖಾತೆಯ ಮನೆಯೋ, ಗೃಹಮಂಡಳಿ ಅಥವಾ ಬಿಡಿಎ ಹಂಚಿದ ಸೈಟೋ ಅನ್ನೋದು ತಿಳಿದರೆ ಅರ್ಧ ಉತ್ತರ ಸಿಕ್ಕಿದಂತೆ.

ಪಂಚಾಯ್ತಿ ವ್ಯಾಪ್ತಿಯವರಿಗೆ

ಪಹಣಿ ಇರುವ ಕೃಷಿ ಜಮೀನಿನಲ್ಲಿ ಕೋಳಿ ಸಾಕುವವರಿಗೆ ಕಾಯಿದೆ ಬಹಳ ಮಟ್ಟಿಗೆ ಅನುಕೂಲವಾಗಿದೆ. 1961ರ ಭೂಸುಧಾರಣಾ ಕಾಯಿದೆಯಲ್ಲಿ 'ವ್ಯವಸಾಯ' ಅಂದರೆ ಏನು ಅಂತ ವಿವರಿಸುವ ಕಡೆ ಬೆಳೆ, ತೋಟಗಾರಿಕೆ, ಹೈನುಗಾರಿಕೆಯ ಜೊತೆಗೆ ಕೋಳಿ ಸಾಕಣೆಯನ್ನೂ ಸೇರಿಸಿದ್ದಾರೆ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮು ಬೇಸಾಯದ ಅನುಕೂಲಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು ರೈತನಿಗೆ ಅವಕಾಶ ಕೊಡುತ್ತದೆ.

ಇದರ ಮೇಲೆ ನಮ್ಮ ಬೆಂಗಳೂರು ಉತ್ತರ ತಾಲ್ಲೂಕಿನಲ್ಲೇ ಒಂದು ಪ್ರಕರಣ ನಡೆದಿದೆ. ಸೊಂಡೆಕೊಪ್ಪ ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಒಬ್ಬ ರೈತರಿಂದ ಕೋಳಿ ಫಾರಂ ಕಟ್ಟಡಕ್ಕೆ ಪಂಚಾಯ್ತಿಯವರು ವಾಣಿಜ್ಯ ಕಟ್ಟಡ ಅಂತ ತೆರಿಗೆ ವಸೂಲು ಮಾಡಿದರು. ಅವರು ಹೈಕೋರ್ಟಿಗೆ ಹೋದರು. ಕೋಳಿ ಸಾಕಣೆ ವಾಣಿಜ್ಯ ಚಟುವಟಿಕೆ ಅಲ್ಲ, ಅದಕ್ಕೆ ಪಂಚಾಯ್ತಿ ತೆರಿಗೆ ಹಾಕುವಂತಿಲ್ಲ, ತೆಗೆದುಕೊಂಡ ಹಣ ವಾಪಸು ಕೊಡಿ ಅಂತ ಕೋರ್ಟು ಹೇಳಿತು. ಒಬ್ಬ ರೈತ ಕಾಗದ ಪತ್ರ ಜೋಪಾನವಾಗಿ ಇಟ್ಟುಕೊಂಡು, ರಸೀದಿ ಕಳೆಯದೆ ನಿಂತದ್ದರಿಂದ ಇಡೀ ರಾಜ್ಯದ ಕೋಳಿ ಸಾಕುವವರಿಗೆ ಉಪಕಾರ ಆಯಿತು.

ಆದರೆ ಈ ತೀರ್ಪನ್ನು ಹಿಡಿದುಕೊಂಡು ಎಲ್ಲಿ ಬೇಕಾದರೂ ಶೆಡ್ಡು ಎಬ್ಬಿಸಬಹುದು ಅಂತ ತಿಳಿಯಬೇಡಿ. ಆ ಮಾತು ಕೃಷಿ ಜಮೀನಿಗೆ ಸಂಬಂಧಪಟ್ಟದ್ದು. ಗ್ರಾಮಠಾಣಾ ಒಳಗೆ ಮನೆಗಳ ನಡುವೆ ಗಟ್ಟಿ ಕಟ್ಟಡ ಕಟ್ಟುವುದಾದರೆ 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಪ್ರಕರಣದಂತೆ ಪಂಚಾಯ್ತಿ ಅನುಮತಿ ಬೇಕು. ಊರ ನೈರ್ಮಲ್ಯ ನೋಡುವ ಅಧಿಕಾರವೂ ಪಂಚಾಯ್ತಿಗೆ ಇದೆ. ಜಗುಲಿ ಪಕ್ಕದಲ್ಲಿ ಮಕ್ಕರಿ ಕವುಚಿ ಹಾಕಿ ನಾಲ್ಕು ಹ್ಯಾಟೆ ಸಾಕುವುದಕ್ಕೂ, ಸಾವಿರ ಮರಿ ತಂದು ಶೆಡ್ಡಿನಲ್ಲಿ ಬಿಡುವುದಕ್ಕೂ ವ್ಯತ್ಯಾಸ ಇದೆ.

ಪಾಲಿಕೆ ವ್ಯಾಪ್ತಿಯವರಿಗೆ

ಇಲ್ಲಿ ಮೂರು ವಿಷಯ ಬೇರೆ ಬೇರೆಯಾಗಿ ನೋಡಬೇಕು. ಜನ ಮೂರನ್ನೂ ಕಲಸಿ ಒಂದೇ 'ಲೈಸೆನ್ಸ್' ಅಂತ ಕರೆಯುವುದರಿಂದಲೇ ಗೊಂದಲ.

ಒಂದನೆಯದು ವಲಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಕೆಳಗೆ ಬಿಡಿಎ ಮಾಡಿದ ಮಹಾಯೋಜನೆಯಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣ ಇದೆ. ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಹೀಗೆ. ಕೋಳಿ ಫಾರಂ, ಹೈನುಗಾರಿಕೆ ಇವೆಲ್ಲ ಕೃಷಿ ವಲಯದ, ಅಂದರೆ ಹಸಿರು ಪಟ್ಟಿಯ ಉಪಯೋಗಗಳು. ವಸತಿ ವಲಯದ ಸೈಟಿನಲ್ಲಿ ಫಾರಂ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಮನೆ ಮಟ್ಟಿಗೆ ಐದೋ ಆರೋ ಕೋಳಿ ಸಾಕುವುದು ಫಾರಂ ಅಲ್ಲ, ಸರಿ. ಆದರೆ ಆರು ಅರವತ್ತಾದಾಗ "ಮನೆ ಮಟ್ಟಿಗೆ" ಅನ್ನೋ ಮಾತನ್ನು ಯಾರೂ ಒಪ್ಪುವುದಿಲ್ಲ.

ಎರಡನೆಯದು ಕಟ್ಟಡ. ಸೈಟಿನ ಸುತ್ತ ಗಾಳಿ ಬೆಳಕಿಗೆ ಅಂತ ಬಿಡಬೇಕಾದ ಖಾಲಿ ಜಾಗದಲ್ಲಿ ಇಟ್ಟಿಗೆ ಕಟ್ಟಿ, ಶೀಟು ಹೊದಿಸಿ ಕೋಳಿಮನೆ ಮಾಡಿದರೆ, ಅದು ಕೋಳಿಯ ತಪ್ಪಲ್ಲ, ಕಟ್ಟಡದ ತಪ್ಪು. ಇಂಜಿನಿಯರು ನೋಟೀಸು ಕೊಡುವುದು ಅದಕ್ಕೆ. ಆದ್ದರಿಂದ ಎತ್ತಿಡಬಹುದಾದ ಮರದ ಅಥವಾ ಕಬ್ಬಿಣದ ಗೂಡೇ ವಾಸಿ. ನಾಲ್ಕು ಕಾಲು, ಜಾಲರಿ, ಮೇಲೆ ತಗಡು. ಇಬ್ಬರು ಹಿಡಿದು ಜರುಗಿಸುವಂತಿರಬೇಕು. ಗೃಹಮಂಡಳಿ, ಬಿಡಿಎ ಸೈಟಿನವರು ಹಂಚಿಕೆ ಪತ್ರದ ಷರತ್ತು ಓದಿ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿ.

ಮೂರನೆಯದು ಉದ್ದಿಮೆ ಪರವಾನಗಿ. ಇದು ವ್ಯಾಪಾರಕ್ಕೆ. ಮನೆ ಖರ್ಚಿಗೆ ಮಿಕ್ಕಿದ ಮೊಟ್ಟೆಯನ್ನು ಪಕ್ಕದ ಮನೆಗೆ ಕೊಡುವುದು ಬೇರೆ, ಬೋರ್ಡು ಹಾಕಿ ಕೋಳಿ ತೂಗಿ, ಕೊಯ್ದು ಮಾರುವುದು ಬೇರೆ. ಎರಡನೆಯದು ಅಂಗಡಿ. ಅದಕ್ಕೆ ಪರವಾನಗಿ ಬೇಕೇ ಬೇಕು, ತ್ಯಾಜ್ಯ ವಿಲೇವಾರಿಗೂ ವ್ಯವಸ್ಥೆ ತೋರಿಸಬೇಕು.

ಈ ಮೂರೂ ಇಲ್ಲದಿದ್ದರೂ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಅದು ಸಾರ್ವಜನಿಕ ಉಪದ್ರವ. ಹಳೆಯ ದಂಡ ಸಂಹಿತೆಯ 268ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 270 ಆಗಿದೆ. ಉಪದ್ರವ ತೆಗೆಸಲು ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡುವ ಹಳೆಯ 133ನೇ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 152. ಒಂದೇ ಕೋಳಿ ಇದ್ದರೂ ನಾಲ್ಕು ಮನೆಗೆ ಗಬ್ಬು ನಾತ ಹೊಡೆದರೆ ಈ ಬಾಗಿಲಿನಿಂದ ಬರಬಹುದು. ಇಪ್ಪತ್ತು ಕೋಳಿ ಇದ್ದೂ ಯಾರಿಗೂ ತೊಂದರೆ ಇಲ್ಲದಿದ್ದರೆ ಈ ಬಾಗಿಲು ತಟ್ಟುವವರೇ ಇರುವುದಿಲ್ಲ. ಆದ್ದರಿಂದ ನಾನು ಹೇಳುವುದು, ಲೈಸೆನ್ಸಿಗಿಂತ ಮೊದಲು ಪೊರಕೆ ಹಿಡಿಯಿರಿ.

ಐದು ಸಾವಿರದ ಲೆಕ್ಕ

"ಮಾಲಿನ್ಯ ಮಂಡಳಿಯವರು ಬರುತ್ತಾರೆ" ಅಂತ ಹೆದರಿಸುವವರಿದ್ದಾರೆ. ಅದರ ಲೆಕ್ಕ ತಿಳಿದುಕೊಳ್ಳಿ. ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೋಳಿ ಫಾರಂಗಳ ಮಾರ್ಗಸೂಚಿಯನ್ನು ಬದಲಾಯಿಸಿತು. 2023ರ ಜನವರಿ 1ರಿಂದ 5000ಕ್ಕಿಂತ ಹೆಚ್ಚು ಕೋಳಿ ಇರುವ ಫಾರಂಗಳಿಗೆ ರಾಜ್ಯ ಮಂಡಳಿಯ ಸಮ್ಮತಿ ಬೇಕು. ಹೊಸ ಫಾರಂ ವಸತಿ ಪ್ರದೇಶದಿಂದ 500 ಮೀಟರ್ ದೂರದಲ್ಲಿರಬೇಕು, ಕೆರೆ ಹೊಳೆಗಳಿಂದಲೂ ದೂರ ಬಿಡಬೇಕು ಅಂತ ಅದರಲ್ಲಿದೆ. ಹತ್ತು ಕೋಳಿಯ ಹಿತ್ತಿಲಿಗೆ ಈ ಸಮ್ಮತಿ ಪತ್ರದ ಪ್ರಶ್ನೆಯೇ ಇಲ್ಲ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಫಾರಂ ಹಾಕಬೇಕು ಅಂತ ಯೋಚಿಸುತ್ತಿರುವ ನಮ್ಮ ಹುಡುಗರು ಬ್ಯಾಂಕಿಗೆ ಹೋಗುವ ಮೊದಲು ಅಳತೆ ಟೇಪು ಹಿಡಿದು ಈ ದೂರ ನೋಡಿಕೊಳ್ಳಬೇಕು. ಇವತ್ತು ಖಾಲಿ ಇರುವ ಪಕ್ಕದ ಹೊಲ ನಾಳೆ ಲೇಔಟ್ ಆಗುವ ಊರು ನಮ್ಮದು.

ವಿಮಾನದ ಊರಿನ ವಿಶೇಷ

ಬೇರೆ ಊರಿನವರಿಗೆ ಇಲ್ಲದ ಒಂದು ನಿಯಮ ನಮಗಿದೆ. ಯಲಹಂಕದಲ್ಲಿ ವಾಯುಪಡೆಯ ನಿಲ್ದಾಣ, ಜಕ್ಕೂರಿನಲ್ಲಿ ವೈಮಾನಿಕ ತರಬೇತಿ ಶಾಲೆ, 2008ರಿಂದ ದೇವನಹಳ್ಳಿಯಲ್ಲಿ ದೊಡ್ಡ ವಿಮಾನ ನಿಲ್ದಾಣ. 1937ರ ವಿಮಾನ ನಿಯಮಗಳ 91ನೇ ನಿಯಮ, ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಪ್ರಾಣಿ ಕೊಯ್ಯುವುದು, ಕಸ ಮತ್ತು ಮಾಂಸದ ತ್ಯಾಜ್ಯ ಎಸೆಯುವುದು ಕೂಡದು ಅನ್ನುತ್ತದೆ. ಏರೋ ಇಂಡಿಯಾ ಪ್ರದರ್ಶನದ ಸಮಯದಲ್ಲಿ ಪಾಲಿಕೆ ಇದನ್ನೇ ಹಿಡಿದು ಪ್ರಕಟಣೆ ಹೊರಡಿಸಿತು. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಹತ್ತು ಕಿಲೋಮೀಟರ್ ಒಳಗೆ, 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ಹದಿಮೂರು ಕಿಲೋಮೀಟರ್ ಒಳಗೆ ಮಾಂಸದ ಅಂಗಡಿ, ಮಾಂಸಾಹಾರಿ ಹೋಟೆಲು ಮುಚ್ಚಿಸಿತು.

ಆಗ "ಕೋಳಿ ಸಾಕೋದೂ ಬಂದ್" ಅಂತ ಊರಲ್ಲಿ ಸುದ್ದಿ ಹಬ್ಬಿತ್ತು. ಪ್ರಕಟಣೆ ಇದ್ದದ್ದು ಮಾಂಸದ ಮಾರಾಟದ ಮೇಲೆ, ಸಾಕಣೆಯ ಮೇಲೆ ಅಲ್ಲ. ಅದರ ಹಿಂದಿನ ಕಾರಣ ನ್ಯಾಯವಾದದ್ದು. ತಿಪ್ಪೆಗೆ ಎಸೆದ ಕರುಳು, ಪುಕ್ಕ ಹುಡುಕಿಕೊಂಡು ಹದ್ದು ಬರುತ್ತದೆ. ಹದ್ದು ವಿಮಾನದ ಇಂಜಿನ್ನಿಗೆ ಸಿಕ್ಕಿದರೆ ಹೋಗುವುದು ಮನುಷ್ಯರ ಪ್ರಾಣ. ಹಬ್ಬದ ದಿನ ಕೋಳಿ ಪುಕ್ಕವನ್ನು ಕೆರೆ ಏರಿ ಮೇಲೆ, ಚರಂಡಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇದೆ. ಅದು ವರ್ಷದ ಎಲ್ಲ ದಿನವೂ ತಪ್ಪು. ಸತ್ತ ಕೋಳಿಯನ್ನೂ ಹಾಗೆಯೇ ಬಿಸಾಡಬೇಡಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.

ರೋಗ ಬಂದಾಗ ಮುಚ್ಚಿಡಬೇಡಿ

ಹಕ್ಕಿ ಜ್ವರ ದೂರದ ದೇಶದ ಕಾಯಿಲೆ ಅಲ್ಲ, ನಮ್ಮ ಸುತ್ತ ಮೂರು ಸಲ ಬಂದು ಹೋಗಿದೆ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಕಾಣಿಸಿಕೊಂಡಿತು, ಟರ್ಕಿ ಕೋಳಿಗಳು ಸತ್ತವು. 2018ರ ಜನವರಿಯಲ್ಲಿ ಯಲಹಂಕ ತಾಲ್ಲೂಕಿನ ದಾಸರಹಳ್ಳಿಯ ಒಂದು ಕೋಳಿ ಅಂಗಡಿಯಲ್ಲಿ ಪತ್ತೆಯಾಯಿತು. 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಗೆ ಬಂತು. ಸರ್ಕಾರದ ಕ್ರಮ ಹೀಗಿದೆ: ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ಇಡುತ್ತಾರೆ. ಅಂದರೆ ಒಬ್ಬರು ಮುಚ್ಚಿಟ್ಟ ಕಾಯಿಲೆ ಇಡೀ ಊರಿನ ಗೂಡುಗಳನ್ನು ಖಾಲಿ ಮಾಡಿಸುತ್ತದೆ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆ ಪ್ರಕಾರ ಅನುಮಾನ ಬಂದ ಕೂಡಲೇ ತಿಳಿಸುವುದು ಸಾಕುವವರ ಕರ್ತವ್ಯ. ಸರ್ಕಾರ ಕೊಂದ ಕೋಳಿಗೆ ಪರಿಹಾರ ಉಂಟು, ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಇಲ್ಲ. ಬೇಗ ಹೇಳಿದವನಿಗೆ ದುಡ್ಡೂ ಉಳಿಯುತ್ತದೆ, ಊರೂ ಉಳಿಯುತ್ತದೆ. ಒಂದೇ ದಿನ ನಾಲ್ಕಾರು ಕೋಳಿ ಸತ್ತರೆ ಸಾರು ಮಾಡಬೇಡಿ, ಸಂತೆಗೆ ಒಯ್ಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಹಿತ್ತಿಲ ಕೋಳಿಗಳನ್ನು ಹೆಚ್ಚಾಗಿ ಕೊಲ್ಲುವುದು ಹಕ್ಕಿ ಜ್ವರ ಅಲ್ಲ, ಕೊಕ್ಕರೆ ರೋಗ. ಅದಕ್ಕೆ ಲಸಿಕೆ ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ಮರಿಗೆ ಮೊದಲ ವಾರ ಲಸೋಟ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರಕ್ಕೆ ಆರ್-2-ಬಿ ಸೂಜಿ. ತೊಂದರೆ ಏನೆಂದರೆ ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಇರುವವರು ನೂರರ ಸೀಸೆ ತಂದು ಏನು ಮಾಡುತ್ತಾರೆ? ಅದಕ್ಕೇ ಯಾರೂ ತರುವುದಿಲ್ಲ, ಕೋಳಿ ಸಾಯುತ್ತವೆ. ಹನ್ನೆರಡು ಮನೆಯವರು ಒಂದೇ ಬೆಳಿಗ್ಗೆ ಸೇರಿದರೆ ಒಂದು ಸೀಸೆ ಸರಿಹೋಗುತ್ತದೆ. ಇದಕ್ಕಿಂತ ಸುಲಭವಾದ ಸಹಕಾರ ಇನ್ನೊಂದಿಲ್ಲ.

ನೆರೆಮನೆಯವರ ಮೂರು ದೂರು

ಪಕ್ಕದ ಮನೆಯವರು ದೂರು ಕೊಟ್ಟರೆ ಅವರನ್ನು ಶತ್ರು ಅಂತ ತಿಳಿಯುವುದು ಬೇಡ. ಅವರೂ ಸಾಲ ಮಾಡಿ ಮನೆ ಕಟ್ಟಿದವರೇ. ಅವರ ದೂರು ಸಾಮಾನ್ಯವಾಗಿ ಮೂರು: ವಾಸನೆ, ನೊಣ, ಕೂಗು. ಮೂರಕ್ಕೂ ಮದ್ದು ಇದೆ.

ವಾಸನೆ ಬರುವುದು ಹಿಕ್ಕೆಯಿಂದ ಅಲ್ಲ, ಒದ್ದೆ ಹಿಕ್ಕೆಯಿಂದ. ಗೂಡಿನ ನೆಲಕ್ಕೆ ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹರಡಿ, ವಾರಕ್ಕೆ ಎರಡು ಸಲ ಕೆದಕಿ, ಸ್ವಲ್ಪ ಸುಣ್ಣದ ಪುಡಿ ಬೆರೆಸಿ. ಕುಡಿಯುವ ನೀರಿನ ಬಟ್ಟಲು ಮಗುಚದಂತೆ ಇಟ್ಟಿಗೆ ಮೇಲೆ ಇಡಿ. ದೊಡ್ಡ ಕೋಳಿಗೆ ಒಂದಕ್ಕೆ ಎರಡು ಚದರ ಅಡಿಯಾದರೂ ಒಳಗೆ ಜಾಗ ಬೇಕು. ಹತ್ತು ಕೋಳಿಗೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು. ಅದಕ್ಕಿಂತ ಇಕ್ಕಟ್ಟಾದರೆ ಹೊಟ್ಟು ಒಣಗುವುದಿಲ್ಲ.

ನೊಣದ ಲೆಕ್ಕ ದಿನದ ಲೆಕ್ಕ. ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣ ಆಗಿ ಹಾರಲು ಏಳೆಂಟು ದಿನದಿಂದ ಹತ್ತು ದಿನ ಸಾಕು. ವಾರದೊಳಗೆ ಎರಡು ಸಲ ಹಿಕ್ಕೆ ತೆಗೆದು, ಮಣ್ಣು ಮುಚ್ಚಿದ ಗುಂಡಿಗೆ ಹಾಕಿದರೆ ನೊಣ ಹುಟ್ಟುವ ಮೊದಲೇ ಸಂಸಾರ ಮುಗಿಯಿತು. ಕೊಳೆತ ಮೇಲೆ ಅದೇ ಒಳ್ಳೆಯ ಗೊಬ್ಬರ. ದೂರು ಕೊಟ್ಟ ಮನೆಯವರ ಗುಲಾಬಿ ಗಿಡಕ್ಕೆ ಒಂದು ಚೀಲ ಕೊಟ್ಟು ನೋಡಿ.

ಕೂಗು ಅಂದರೆ ಹುಂಜ. ತನ್ನ ಕೋಳಿ ಕೂಗಿದರೇನೇ ಬೆಳಗಾಗುವುದು ಅಂದುಕೊಂಡ ಅಜ್ಜಿಯ ಕತೆ ನಿಮಗೆಲ್ಲ ಗೊತ್ತು. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದವನಿಗೆ ಆ ಕತೆ ಹೇಳಿ ಪ್ರಯೋಜನ ಇಲ್ಲ. ಹ್ಯಾಟೆ ಮೊಟ್ಟೆ ಇಡೋಕೆ ಹುಂಜ ಬೇಕಿಲ್ಲ, ಮರಿ ಮಾಡಿಸುವುದಕ್ಕೆ ಮಾತ್ರ ಬೇಕು. ಮನೆಗಳ ನಡುವೆ ಇರುವವರು ಹುಂಜವನ್ನು ತೋಟದಲ್ಲಿರುವ ನೆಂಟರ ಮನೆಗೆ ಕಳಿಸಿ. ಮರಿ ಬೇಕಾದಾಗ ಹೆಸರಘಟ್ಟದಲ್ಲೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ವಿಚಾರಿಸಿ. ಗಿರಿರಾಜ, ಸ್ವರ್ಣಧಾರಾ ತಳಿಗಳು ಹೊರಬಂದದ್ದೇ ಹೆಬ್ಬಾಳದಿಂದ.

ನೋಟೀಸು ಬಂದರೆ

ಹೆದರಬೇಡಿ, ಹರಿಯಬೇಡಿ. ಮೊದಲು ತಾರೀಖು ನೋಡಿ, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅಂತ ನೋಡಿ. ಯಾವ ಕಾಯಿದೆಯ ಯಾವ ಪ್ರಕರಣ ಅಂತ ನೋಡಿ. ಕಟ್ಟಡದ ನೋಟೀಸೋ, ಪರವಾನಗಿ ನೋಟೀಸೋ, ನೈರ್ಮಲ್ಯದ ನೋಟೀಸೋ ಅನ್ನುವುದರ ಮೇಲೆ ಉತ್ತರ ಬೇರೆಯಾಗುತ್ತದೆ. ಬಾಯಿಮಾತಿನಲ್ಲಿ "ತೆಗೀರಿ" ಅಂದರೆ ಮರ್ಯಾದೆಯಿಂದ, "ಸ್ವಾಮಿ, ಬರೆದು ಕೊಡಿ" ಅನ್ನಿ. ನಿಯಮ ಯಾವುದು ಅಂತ ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಉತ್ತರ ಬರೆಯುವಾಗ ಉದ್ದ ಬೇಡ. ಎಷ್ಟು ಕೋಳಿ, ಹುಂಜ ಇಲ್ಲ, ಗೂಡು ಎತ್ತಿಡುವಂಥದ್ದು, ಅಳತೆ ಇಷ್ಟು, ಹಿಕ್ಕೆ ವಿಲೇವಾರಿ ಹೀಗೆ, ಲಸಿಕೆ ಹಾಕಿಸಿದ ತಾರೀಖು ಇದು, ಮಾರಾಟದ ಅಂಗಡಿ ಇಲ್ಲ ಅಂತ ಬರೆದು, ಎರಡು ಫೋಟೋ, ಪಶು ಆಸ್ಪತ್ರೆಯ ಚೀಟಿ ಇಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಕ್ಕಪಕ್ಕದ ಮನೆಯವರು "ನಮಗೆ ತೊಂದರೆ ಇಲ್ಲ" ಅಂತ ಸಹಿ ಮಾಡಿಕೊಟ್ಟರೆ ಅದರಷ್ಟು ದೊಡ್ಡ ದಾಖಲೆ ಬೇರೆ ಇಲ್ಲ. ಆ ಸಹಿ ಬೇಕಾದರೆ ನೋಟೀಸು ಬರುವ ಮೊದಲೇ ಒಂದು ಡಜನ್ ಮೊಟ್ಟೆ ಕೊಟ್ಟು ಬಂದಿರಬೇಕು, ಬಂದ ಮೇಲೆ ಅಲ್ಲ.

ಸಂಘ ಏನು ಮಾಡಬಹುದು

"ಕೋಳಿ ಕೇಳಿ ಮಸಾಲೆ ಅರೀತಾರಾ" ಅಂತ ಗಾದೆ. ನಿಯಮ ಮಾಡುವವರು ಕೋಳಿ ಸಾಕುವವರನ್ನು ಕೇಳಿ ಮಾಡುವುದಿಲ್ಲ. ಆದರೆ ಕೇಳುವ ಹಾಗೆ ಮಾಡುವುದು ಸಂಘದ ಕೈಯಲ್ಲಿದೆ. ಹೊಸ ಪಾಲಿಕೆ ಬಂದಿರುವ ಈ ಸಮಯದಲ್ಲೇ ಅರ್ಜಿ ಕೊಡಬೇಕು. ನಾಳೆ ಯಾರೋ ಕೂತು "ನಗರದಲ್ಲಿ ಕೋಳಿ ನಿಷೇಧ" ಅಂತ ಒಂದು ಸಾಲು ಬರೆದ ಮೇಲೆ ಓಡಾಡುವುದಕ್ಕಿಂತ ಇವತ್ತು ಹೋಗುವುದು ವಾಸಿ.

ಬೇರೆ ದೇಶದ ದೊಡ್ಡ ಊರುಗಳು ಇದನ್ನು ಬಗೆಹರಿಸಿಕೊಂಡಿವೆ. ಅಮೆರಿಕದ ಸಿಯಾಟಲ್ ನಗರ 2010ರಲ್ಲಿ ಮನೆಗೆ ಎಂಟು ಕೋಳಿವರೆಗೆ ಸಾಕಬಹುದು, ಹೊಸದಾಗಿ ಹುಂಜ ತರುವಂತಿಲ್ಲ ಅಂತ ನಿಯಮ ಮಾಡಿತು. ನ್ಯೂಯಾರ್ಕಿನಲ್ಲಿ ಹ್ಯಾಟೆ ಸಾಕಬಹುದು, ಹುಂಜ ಕೂಡದು. ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್‌ನಿಂದ ಒಂದೇ ಕೋಳಿ ಇದ್ದರೂ ಹೆಸರು ನೋಂದಾಯಿಸಬೇಕು, ಹಕ್ಕಿ ಜ್ವರ ಬಂದರೆ ತಿಳಿಸುವುದಕ್ಕೆ ಅನುಕೂಲ ಅಂತ. ಅಷ್ಟು ದೊಡ್ಡ ಊರುಗಳಲ್ಲಿ ಆಗುವುದಾದರೆ, ಮನೆಗೊಂದು ಗೂಡು ಇದ್ದ ಯಲಹಂಕ ನಾಡಿನಲ್ಲಿ ಆಗಬಾರದೇ?

ನನ್ನ ಸಲಹೆ ನಾಲ್ಕು. ಒಂದು, ತಿಂಗಳಿಗೊಮ್ಮೆ ಸಂಘದ ಕಟ್ಟಡದ ಮುಂದೆ ಲಸಿಕೆ ದಿನ ಇಡಿ. ಎರಡು, ಕೋಳಿ ಸಾಕುವ ಸದಸ್ಯರ ಹೆಸರು, ಕೋಳಿ ಸಂಖ್ಯೆ, ಲಸಿಕೆ ತಾರೀಖು ಬರೆಯುವ ಒಂದು ರಿಜಿಸ್ಟರು ಇಡಿ. ನೋಟೀಸು ಬಂದಾಗ ಅದೇ ನಮ್ಮ ಸಾಕ್ಷಿ. ಮೂರು, ಅಕ್ಕಪಕ್ಕದವರ ದೂರು ಮೊದಲು ಸಂಘಕ್ಕೆ ಬರಲಿ. ಇಬ್ಬರು ಹಿರಿಯರು, ಒಬ್ಬ ತಾಯಿ ಹೋಗಿ ನೋಡಿ, ನಾತ ಇದ್ದರೆ ನಮ್ಮ ಸದಸ್ಯರಿಗೇ ಬುದ್ಧಿ ಹೇಳಲಿ. ಲೇಔಟಿನ ನಿವಾಸಿಗಳ ಸಂಘದವರನ್ನು ಕರೆದು ಕಾಫಿ ಕೊಟ್ಟು ಮಾತಾಡಲಿ. ನಾಲ್ಕು, ಪಾಲಿಕೆಗೆ ಒಂದು ಮನವಿ ಕೊಡೋಣ. ಮನೆಗೆ ಇಂತಿಷ್ಟು ಹ್ಯಾಟೆ, ಹುಂಜ ಇಲ್ಲ, ಎತ್ತಿಡುವ ಗೂಡು, ಪಕ್ಕದ ಗೋಡೆಯಿಂದ ಇಷ್ಟು ಅಡಿ ದೂರ, ವರ್ಷಕ್ಕೊಮ್ಮೆ ಪಶುವೈದ್ಯರ ಚೀಟಿ. ಇದಕ್ಕೆ ಒಪ್ಪಿದವರಿಗೆ ತೊಂದರೆ ಕೊಡಬೇಡಿ, ಒಪ್ಪದವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ನಾವೇ ಹೇಳೋಣ. ನಮ್ಮ ಮೇಲೆ ನಾವೇ ಷರತ್ತು ಹಾಕಿಕೊಂಡು ಹೋದರೆ ಅಧಿಕಾರಿಗಳು ಕೂರಿಸಿ ಮಾತಾಡುತ್ತಾರೆ.

ಕೋಳಿ ಸಾಕುವುದು ಹಳ್ಳಿಯ ಹಕ್ಕು ಅಂತ ಎದೆ ತಟ್ಟಿಕೊಂಡರೆ ಸಾಲದು, ಊರು ಹಳ್ಳಿಯಾಗಿ ಉಳಿದಿಲ್ಲ. ಪಟ್ಟಣದ ಶುಚಿತನ ಅಂತ ಬಡವರ ಗೂಡು ಕೀಳಿಸಿದರೂ ಸರಿಯಲ್ಲ, ಆ ಗೂಡು ಲೇಔಟಿಗಿಂತ ಮೊದಲಿನಿಂದ ಇಲ್ಲಿದೆ. ಎರಡರ ನಡುವೆ ದಾರಿ ಮಾಡಬೇಕಾದವರು ನಾವೇ. ಇಪ್ಪತ್ತೈದು ವರ್ಷ ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ತೀರಿಸಿದ ಸಂಘಕ್ಕೆ ಇದು ದೊಡ್ಡ ಕೆಲಸವಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ನಾಲ್ಕು ಸಲಹೆಗಳನ್ನು ಠರಾವಿಗೆ ಇಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಲಸಿಕೆ ದಿನಕ್ಕೆ ಸೂಜಿ ಹಾಕಲು ಕರೆದರೆ ನಾನು ಬರುತ್ತೇನೆ, ಬಸ್ ಚಾರ್ಜೂ ಬೇಡ.

ಸಂಘ ನೂರು ವರ್ಷ ಬಾಳಲಿ.